ಹುಲ್ಲು ಯಾರಿಗೆ, ಸೊಪ್ಪು ಯಾರಿಗೆ?

ಬೆಂಗಳೂರಿನ ನಡುಮಧ್ಯೆ ಕುದುರೆ ಜೂಜಿನ ಮೈದಾನ ಸುಮಾರು 85 ಎಕರೆ. ಸಮೀಪದಲ್ಲೇ ಗಾಲ್ಫ್ ಮೈದಾನ ಸುಮಾರು 60 ಎಕರೆ. ಗಾಲ್ಫ್ ಕ್ಲಬ್ಬು 1876ರದು. ಬಿಳಿಯ ಸಾಹೇಬರು ತಮ್ಮ ವಿನೋದಕ್ಕೆ ಕಟ್ಟಿಕೊಂಡದ್ದು. ಸಾಹೇಬರು ಹೋದರು, ಬೇಲಿ ಹೋಗಲಿಲ್ಲ. ಕುದುರೆ ಮೈದಾನದ ಸರ್ಕಾರಿ ಗುತ್ತಿಗೆ 2009ರ ಕೊನೆಗೆ ಮುಗಿಯಿತು. ಆಮೇಲೂ ವರ್ಷಗಟ್ಟಲೆ ಕುದುರೆಗಳು ಓಡಿದವು. ಎರಡು ತಿಂಗಳ ಬಾಡಿಗೆ ನಿಂತರೆ ಕಾರ್ಮಿಕನ ಪಾತ್ರೆಪಡಗ ಬೀದಿಗೆ ಬೀಳುತ್ತದೆ. ಇದು ಯಾವ ನ್ಯಾಯ?

ಈ ನೆಲದಲ್ಲಿ ತರಕಾರಿ ಬೆಳೆಯಬೇಕೆಂದು ನಾವು ಕೇಳುತ್ತೇವೆ. ಪಟ್ಟಣದಲ್ಲಿ ಬೇಸಾಯವೇ ಎಂದು ನಗುವವರಿದ್ದಾರೆ. 1939ರಿಂದ 1945ರವರೆಗಿನ ಯುದ್ಧಕಾಲದಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲೇ ತರಕಾರಿ ಬೆಳೆದರು. ರಾಜರ ಕೋಟೆಯ ಕಂದಕದಲ್ಲೂ ಪಾತಿ ಮಾಡಿದರು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಎಣ್ಣೆ, ಗೊಬ್ಬರದ ಸರಬರಾಜು ಕುಸಿದಾಗ ಕ್ಯೂಬಾದ ಹವಾನಾ ನಗರ ತನ್ನ ಖಾಲಿ ನಿವೇಶನಗಳಲ್ಲೇ ಸೊಪ್ಪು ತರಕಾರಿ ಬೆಳೆಯಿತು. ಅವರಿಗೆ ಆದದ್ದು ನಮಗೇಕೆ ಆಗದು?

ರೈತನ ಹೊಟ್ಟೆಯ ಮೇಲೆ ಹೊಡೆಯುತ್ತೀರಾ ಎಂದು ದಲ್ಲಾಳಿಗಳು ಕೇಳುತ್ತಾರೆ. ಈರುಳ್ಳಿ, ಆಲೂಗಡ್ಡೆ ರೈತನದೇ ಆಗಿರಲಿ. ನಾವು ಕೇಳುವುದು ಸೊಪ್ಪಿನ ಪಾತಿ. ದಂಟು, ಮೆಂತ್ಯ, ಪಾಲಕ್ ಒಂದು, ಒಂದೂವರೆ ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ. ದೂರದಿಂದ ಲಾರಿಯಲ್ಲಿ ಬಂದ ಸೊಪ್ಪು ಮಧ್ಯಾಹ್ನಕ್ಕೆ ಬಾಡುತ್ತದೆ. ಬಾಡಿದ್ದರ ನಷ್ಟ ತಳ್ಳುಗಾಡಿಯವನ ತಲೆಗೆ; ಏರಿದ ಬೆಲೆ ಕಾರ್ಮಿಕನ ಮನೆಯಾಕೆಯ ಸೆರಗಿನ ಗಂಟಿಗೆ. ಬೆಳಿಗ್ಗೆ ಕಿತ್ತ ಸೊಪ್ಪು ಬೆಳಿಗ್ಗೆಯೇ ಗಾಡಿಗೆ ಬಂದರೆ ಇಬ್ಬರಿಗೂ ಲಾಭ.

ಆದರೆ ಎಚ್ಚರ! ಮೈದಾನ ತೆರವಾದೊಡನೆ ನಿವೇಶನದ ವ್ಯಾಪಾರಿಗಳು ಹದ್ದಿನಂತೆ ಎರಗುತ್ತಾರೆ. ಒಂದು ಗುಂಟೆಯೂ ಮಾರಾಟವಾಗಕೂಡದು. ಒಡೆತನ ಸರ್ಕಾರದ್ದೇ ಇರಲಿ. ಮರಗಳು ನಿಲ್ಲಲಿ, ಮಕ್ಕಳ ಆಟಕ್ಕೆ ಜಾಗ ಉಳಿಯಲಿ. ಮಿಕ್ಕಿದ್ದನ್ನು ಮಣ್ಣು ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ ನೀರು ಒದಗಿಸಿ, ಕೂಲಿಕಾರರ ಸಹಕಾರ ಸಂಘಗಳಿಗೆ ಅಲ್ಪ ಬಾಡಿಗೆಗೆ ಕೊಡಲಿ. 1951ರಲ್ಲಿ ಕಾಗೋಡಿನ ಗೇಣಿದಾರರೊಡನೆ ಸಮಾಜವಾದಿಗಳು ಸೆರೆಮನೆಗೆ ಹೋದದ್ದು ಉಳುವವನ ಹಕ್ಕಿಗಾಗಿ. ಆ ಹಕ್ಕು ಪಟ್ಟಣದ ಗಡಿಯಲ್ಲಿ ನಿಲ್ಲತಕ್ಕದ್ದಲ್ಲ.

ಬೆಂಗಳೂರಿನ ಮಾತು ನಮಗೇಕೆ ಎನ್ನಬೇಡಿ. ನಮ್ಮೂರಲ್ಲೂ ಬೀಗ ಜಡಿದು ಪಾರ್ಥೇನಿಯಂ ಬೆಳೆಸಿದ ಉದ್ಯಾನಗಳಿವೆ. ಅವುಗಳ ಪಟ್ಟಿಯನ್ನು ನಗರಸಭೆ ಪ್ರಕಟಿಸಲಿ. ಪ್ರಕಟಿಸದಿದ್ದರೆ ಕಾರ್ಮಿಕರೂ ಅಂಗಡಿಯವರೂ ಕೂಡಿ, ಬೀದಿ ಬೀದಿ ತಿರುಗಿ, ಆ ಪಟ್ಟಿಯನ್ನು ನಾವೇ ಬರೆಯೋಣ. ನೆಲ ನಮ್ಮದು, ಲೆಕ್ಕ ಕೇಳುವ ಹಕ್ಕೂ ನಮ್ಮದು.