ತಪ್ಪು ಕವಡೆಯದಲ್ಲ

ಈಚೆಗೆ ಒಂದು ಕುಟುಂಬಕೂಟದಲ್ಲಿ ಚೌಕಾಬಾರ ಆಡಿ ಸೋತ ಹುಡುಗನೊಬ್ಬ, 'ನಾನು ಹೇಗೆ ಆಡಿದ್ದರೆ ಗೆಲ್ಲುತ್ತಿದ್ದೆ?' ಎಂದು ಕೇಳಿದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕು, 'ಇದೇನು ಚದುರಂಗವೇ, ಕಲಿಯುವುದಕ್ಕೆ? ಕವಡೆ ಬಿದ್ದವನದು ಗೆಲುವು' ಎಂದುಬಿಟ್ಟರು. ಹುಡುಗ ಮತ್ತೆ ಕೇಳಲಿಲ್ಲ. ಹಿರಿಯರ ಬಗ್ಗೆ ನನಗೆ ಗೌರವವಿದೆ; ಆ ಮಾತಿನ ಬಗ್ಗೆ ಇಲ್ಲ.

ನಾವಿರುವುದು ಚದುರಂಗದ ಊರಿನಲ್ಲಿ. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್ ಮಾಸ್ಟರ್ ಆದ ಆನಂದ್, 2024ರಲ್ಲಿ ವಿಶ್ವ ಚಾಂಪಿಯನ್ ಆದ ಗುಕೇಶ್ ಇಬ್ಬರೂ ಚೆನ್ನೈಯವರೇ. ನಾವೂ ಹಣ ತೆತ್ತು ಮಕ್ಕಳನ್ನು ಚದುರಂಗದ ತರಗತಿಗೆ ಕಳಿಸುತ್ತೇವೆ. ಅಲ್ಲಿ, ಸೋತ ಆಟವನ್ನು ಬರೆದಿಟ್ಟು ಮತ್ತೆ ನೋಡು ಎನ್ನುತ್ತಾರೆ. ಅದೇ ಮಗು ಮನೆಯಲ್ಲಿ ಚೌಕಾಬಾರ ಸೋತರೆ ನಾವು ಹಣೆಬರಹ ಎನ್ನುತ್ತೇವೆ. ಇದು ಯಾವ ನ್ಯಾಯ?

ಲೆಕ್ಕ ಹಾಕಿ ನೋಡೋಣ. ನಾಲ್ಕು ಕವಡೆಗಳು ಬೀಳಬಹುದಾದ ಬಗೆ 16. ಎರಡೂ ಮಗ್ಗುಲಿಗೆ ಸಮನಾಗಿ ಬಿದ್ದರೆ, ಆ 16ರಲ್ಲಿ ಒಂದು ಬೀಳುವುದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ. ಚೌಕ, ಬಾರ ತಲಾ ಒಂದೇ ಬಗೆ. ಅಂದರೆ ಎದುರಾಳಿಯ ಕಾಯಿ ನಿಮ್ಮ ಕಾಯಿಗೆ ಒಂದು ಮನೆ ಹಿಂದಿರುವುದಕ್ಕಿಂತ ಎರಡು ಮನೆ ಹಿಂದಿದ್ದರೆ ಅಪಾಯ ಹೆಚ್ಚು. ನಾಲ್ಕು ಮನೆ ಹಿಂದಿದ್ದರೆ ಬಹಳ ಕಡಿಮೆ. ಇದನ್ನರಿತು ಕಾಯಿ ನಡೆಸುವವನೂ ಅರಿಯದವನೂ ಒಂದೇ ಎನ್ನಲಾದೀತೆ?

ನಮ್ಮ ಪಗಡೆಯಂತೆಯೇ ದಾಳ ಹಾಕಿ ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್ ಎಂಬ ಆಟವಿದೆ. ಅದರಲ್ಲೂ ಅದೃಷ್ಟವೇ ದೊಡ್ಡದೆಂದು ಹೇಳುವವರುಂಟು. ಆದರೆ 1992ರ ಸುಮಾರಿಗೆ ಐ.ಬಿ.ಎಂ.ನ ಜೆರಾಲ್ಡ್ ಟೆಸಾರೋ ರೂಪಿಸಿದ ಕಂಪ್ಯೂಟರ್ ಕಾರ್ಯಕ್ರಮವು ತನ್ನೊಡನೆ ತಾನೇ ಲಕ್ಷಾಂತರ ಆಟವಾಡಿ ಕಲಿತು, ಪರಿಣತರೇ ತಮ್ಮ ಆರಂಭದ ನಡೆಗಳನ್ನು ತಿದ್ದಿಕೊಳ್ಳುವಂತೆ ಮಾಡಿತು. ಇಂದು ಅಲ್ಲಿ ಕಲಿಯುವವರು ತಮ್ಮ ಆಟವನ್ನು ಬರೆದಿಟ್ಟು, ಎಲ್ಲಿ ತಪ್ಪಿದೆವೆಂದು ಯಂತ್ರದ ನೆರವಿನಿಂದ ಹುಡುಕುತ್ತಾರೆ. ಬರಿಯ ಅದೃಷ್ಟದಾಟದಲ್ಲಿ ತಿದ್ದಿಕೊಳ್ಳಲು ಏನಿರುತ್ತದೆ?

ನಮಗೆ ಯಂತ್ರ ಬೇಡ, ಒಂದು ನೋಟುಬುಕ್ಕು ಸಾಕು. ಮೊದಲು ನಿಮ್ಮ ಕವಡೆಗಳನ್ನು ನೂರು ಸಲ ಹಾಕಿ ಎಣಿಸಿ. ಎಲ್ಲ ಕವಡೆಯೂ ಸಮನಾಗಿ ಬೀಳುವುದಿಲ್ಲ. ಆಮೇಲೆ ಆಡುವ ಇಬ್ಬರಿಗೂ ಒಂದೊಂದು ಪಟ್ಟಿಯಂತೆ ಗರಗಳನ್ನು ಮುಂಚೆಯೇ ಹಾಕಿ ಬರೆದು, ಮುಚ್ಚಿಟ್ಟು, ಒಂದೊಂದಾಗಿ ತೆರೆದು ಆಡಿ. ಕೆಲವು ದಿನ ಬಿಟ್ಟು ಪಟ್ಟಿ ಬದಲಾಯಿಸಿಕೊಂಡು ಮತ್ತೆ ಆಡಿ. ಅದೃಷ್ಟ ಇಬ್ಬರಿಗೂ ಸಮನಾಯಿತು; ಉಳಿದದ್ದು ಬುದ್ಧಿ. ಕಾಯಿ ಕಡಿಸಿಕೊಂಡಾಗಲೆಲ್ಲ 'ಬೇರೆ ಕಾಯಿ ನಡೆಸಬಹುದಿತ್ತೇ?' ಎಂದು ಬರೆದುಕೊಳ್ಳಿ.

ನಾಲ್ಕನೆಯ ತರಗತಿ ಓದಿದ ನನ್ನ ತಾಯಿ, ಬಿ.ಎಸ್ಸಿ. ಮಾಡಿದ ನನ್ನನ್ನು ಹತ್ತಕ್ಕೆ ಏಳು ಸಲ ಸೋಲಿಸುತ್ತಿದ್ದರು. ನಾನು ಕವಡೆಯನ್ನು ಬೈದರೆ, 'ಬೀಳೋದು ನಿನ್ನ ಕೈಲಿಲ್ಲ, ನಡೆಸೋದು ನಿನ್ನ ಕೈಲಿದೆ' ಎನ್ನುತ್ತಿದ್ದರು. ಅವರು ಹೇಗೆ ಯೋಚಿಸುತ್ತಿದ್ದರೆಂದು ನಾನು ಒಮ್ಮೆಯೂ ಕೇಳಿ ಬರೆದಿಡಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಊರು ಬಿಟ್ಟು ಬಂದವರ ಮನೆಗಳಲ್ಲಿ ಇಂಥ ವಿದ್ಯೆ ಒಬ್ಬ ಅಜ್ಜಿಯೊಡನೆ ಮುಗಿದುಹೋಗುತ್ತದೆ. ಆದ್ದರಿಂದ ನಮ್ಮ ಸಂಘದವರಲ್ಲಿ ಒಂದು ಬಿನ್ನಹ: ಮುಂದಿನ ಸ್ಪರ್ಧೆಯಲ್ಲಿ ಒಂದೇ ಆಟಕ್ಕೆ ಬಹುಮಾನ ಕೊಟ್ಟು ಕೈತೊಳೆದುಕೊಳ್ಳಬೇಡಿ, ಹನ್ನೊಂದು ಆಟ ಆಡಿಸಿ. ಅಜ್ಜಿಯರನ್ನು ತೀರ್ಪುಗಾರರನ್ನಾಗಿ ಕೂಡಿಸಿ. ಸೋತ ಮಗು 'ಹೇಗೆ?' ಎಂದರೆ, ದಯವಿಟ್ಟು ನಗಬೇಡಿ.