ಆಕಾಶದ ಬಾವಿಕಟ್ಟೆ



ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಗೆ ಸೇರಿದ್ದಾಳೆ. ಕಾಲೇಜಿನಲ್ಲಿ ಮೇಷ್ಟ್ರೊಬ್ಬರು ಹ್ಯಾಮ್ ರೇಡಿಯೋ ತೋರಿಸಿದರಂತೆ. ಅಂದಿನಿಂದ ಹುಡುಗಿಗೆ ಅದೇ ಹುಚ್ಚು. ಪರೀಕ್ಷೆ ಕಟ್ಟುತ್ತೇನೆ, ಲೈಸೆನ್ಸ್ ತೆಗೆಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. "ಗುರುತು ಪರಿಚಯವಿಲ್ಲದ ಗಂಡಸರ ಜೊತೆ ಹೊತ್ತಲ್ಲದ ಹೊತ್ತಲ್ಲಿ ಮಾತಾಡೋದು ಹೆಣ್ಣುಮಗಳಿಗೆ ಸರಿಯೇನಮ್ಮಾ?" ಅಂತ ಅತ್ತೆಯವರು. "ಗಾಳಿ ಎಲ್ಲರದ್ದೂ ತಾನೆ, ಅದರಲ್ಲಿ ಮಾತಾಡೋಕ್ಕೂ ಸರ್ಕಾರದ ಅಪ್ಪಣೆ ಬೇಕು ಅಂದ್ರೆ ಏನೋ ಅಪಾಯದ್ದೇ ಇರಬೇಕು" ಅಂತ ಯಜಮಾನರು. ನಡುವೆ ಸಿಕ್ಕಿಕೊಂಡ ತಾಯಿ, ನೀವೇ ಹೇಳಿ ಅಂತ ನನ್ನನ್ನು ಕೇಳಿದ್ದಾರೆ.

ನಾನು ಓದಿದ್ದು ಹೈಸ್ಕೂಲು. ಆದರೆ ನನ್ನ ಮೈದುನನಿಗೆ ಈ ಲೈಸೆನ್ಸ್ ಇದೆ. ಊಟಕ್ಕೆ ಕರೆದರೆ "ಒಂದ್ನಿಮಿಷ ಅತ್ತಿಗೆ, ಜಪಾನಿನವರು ಸಿಕ್ಕಿದ್ದಾರೆ" ಅನ್ನುವ ಆಸಾಮಿ. ಹುಳಿ ಎರಡೆರಡು ಸಲ ಬಿಸಿ ಮಾಡಿ ಮಾಡಿ ನನಗೂ ಈ ವಿಷಯ ಅಷ್ಟಿಷ್ಟು ತಲೆಗೆ ಹತ್ತಿದೆ.

ಮೊದಲು ಯಜಮಾನರ ಮಾತು ತೆಗೆದುಕೊಳ್ಳೋಣ. ಒಂದು ಕಾಲದಲ್ಲಿ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ವರ್ಷಾವರ್ಷ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದುದನ್ನು ನಮ್ಮ ಅತ್ತೆ ಈಗಲೂ ಹೇಳುತ್ತಾರೆ. 1980ರ ದಶಕದಲ್ಲಿ ಅದು ರದ್ದಾಯಿತು. ಆಕಾಶವಾಣಿ ಕೇಳುವುದಕ್ಕೆ ಈಗ ಯಾರ ಅಪ್ಪಣೆಯೂ ಬೇಡ. ಆದರೆ ಮಾತು ಕಳಿಸುವುದಕ್ಕೆ ಬೇಕು. ಯಾಕೆ ಅಂದರೆ, ವಠಾರದ ಬಾವಿ ನೆನಪಿಸಿಕೊಳ್ಳಿ. ಬಾವಿ ಒಂದೇ, ಮನೆ ಹನ್ನೆರಡು. ನೀರು ಎಲ್ಲರದ್ದೂ ನಿಜ. ಎಲ್ಲರೂ ಒಟ್ಟಿಗೇ ಕೊಡ ಇಳಿಬಿಟ್ಟರೆ? ಹಗ್ಗಕ್ಕೆ ಹಗ್ಗ ತೊಡರಿ ಒಬ್ಬರಿಗೂ ನೀರಿಲ್ಲ.

ಶಾರ್ಟ್‌ವೇವ್ ಅನ್ನುವುದು ಇಂಥದ್ದೇ ಒಂದು ಬಾವಿ. 3ರಿಂದ 30 ಮೆಗಾಹರ್ಟ್ಸ್‌ವರೆಗೆ ಇದರ ಹರವು. ಹಾಡು ಕೇಳಿಸುವ ಎಫ್‌ಎಂ ಅಲೆ ಊರಾಚೆ ಗುಡ್ಡ ದಾಟುವುದರಲ್ಲೇ ಸುಸ್ತಾಗುತ್ತದೆ. ಶಾರ್ಟ್‌ವೇವ್ ಅಲೆ ಹಾಗಲ್ಲ. ನೂರಾರು ಕಿಲೋಮೀಟರ್ ಮೇಲೆ ಬಿಸಿಲಿನಿಂದ ಕಾವೇರಿದ ಒಂದು ಪದರವಿದೆ, ಅಯಾನುಗೋಳ ಅಂತಾರೆ. ಅಲೆ ಅಲ್ಲಿಗೆ ಬಡಿದು, ಗೋಡೆಗೆ ಎಸೆದ ಚೆಂಡಿನ ಹಾಗೆ ಮತ್ತೆ ನೆಲಕ್ಕೆ ಬರುತ್ತದೆ, ಸಾವಿರಾರು ಕಿಲೋಮೀಟರ್ ಆಚೆ. ಹಾಗಾಗಿ ಇಲ್ಲಿ ಮಾಡಿದ ಗಲಾಟೆ ಬೇರೆ ದೇಶದವರ ಕಿವಿಗೂ ಬೀಳುತ್ತದೆ. ಈ ಒಂದೇ ಬಾವಿಗೆ ಹಡಗಿನವರು, ವಿಮಾನದವರು, ಸೈನ್ಯದವರು, ರೇಡಿಯೋ ಕೇಂದ್ರಗಳವರು, ಹವ್ಯಾಸಕ್ಕೆ ಮಾತಾಡುವ ಹ್ಯಾಮ್‌ಗಳು ಎಲ್ಲರೂ ಬರಬೇಕು. ಆಳವಾಗಿಸೋಣ ಅಂದರೆ ಆಗುವುದಿಲ್ಲ. ಇರುವುದು ಇಷ್ಟೇ.

ಅದಕ್ಕೇ ಜಿನೀವಾದಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅಂತ ಒಂದಿದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಎಲ್ಲ ದೇಶದವರೂ ಸಭೆ ಸೇರಿ ಯಾರಿಗೆ ಎಷ್ಟು ಜಾಗ ಅಂತ ತೀರ್ಮಾನ ಮಾಡುತ್ತಾರೆ. ನಮ್ಮ ಆಸ್ತಿ ಪಾಲಿನ ಪಂಚಾಯ್ತಿಗಿಂತ ಅದೇನೂ ಕಡಿಮೆ ಇಲ್ಲವಂತೆ! ಒಂದು ಉದಾಹರಣೆ ನೋಡಿ. ಹಳೇ ರೇಡಿಯೋದಲ್ಲಿ 41 ಮೀಟರ್ ಅಂತ ಬರೆದಿರುತ್ತಿತ್ತಲ್ಲ, ಸಿಲೋನಿನ ಹಾಡು ಹುಡುಕುತ್ತಿದ್ದ ಜಾಗ. ಅದರ ಪಕ್ಕದ ಮನೆಯೇ ಹ್ಯಾಮ್‌ಗಳ 40 ಮೀಟರ್. ನಮ್ಮ ಕಡೆ ಹ್ಯಾಮ್‌ಗಳಿಗೆ ಇದ್ದದ್ದು 7.0ರಿಂದ 7.1 ಮೆಗಾಹರ್ಟ್ಸ್ ಮಾತ್ರ, ಒಂದು ಕೋಣೆಯಷ್ಟು. ಅದರಾಚೆ 7.3ರವರೆಗೂ ರೇಡಿಯೋ ಕೇಂದ್ರಗಳು. ಅಮೆರಿಕದ ಕಡೆ ಹ್ಯಾಮ್‌ಗಳಿಗೆ 7.3ರವರೆಗೂ ಸಲ್ಲುತ್ತಿತ್ತು. ಅವರು ಪಿಸುಗುಟ್ಟುವ ಜಾಗದಲ್ಲೇ ಇವರ ದೈತ್ಯ ಕೇಂದ್ರಗಳು ಗುಡುಗಿದರೆ ಹೇಗಿರಬೇಡ? 2003ರ ಸಭೆಯಲ್ಲಿ ಒಪ್ಪಂದವಾಯಿತು. ರೇಡಿಯೋ ಕೇಂದ್ರಗಳು 7.1ರಿಂದ 7.2ರವರೆಗಿನ ಜಾಗ ಬಿಟ್ಟು ಮೇಲೆ ಸರಿಯಬೇಕು, ಅವರಿಗೆ 7.45ರವರೆಗೆ ಜಾಗ. ಖಾಲಿ ಮಾಡಲು ಆರು ವರ್ಷ ಗಡುವು. 2009ರ ಮಾರ್ಚ್ 29ಕ್ಕೆ ಅದು ಜಾರಿಗೆ ಬಂತು. 7.2ರಿಂದ 7.3ರ ನಡುವಿನ ತಕರಾರು ಮಾತ್ರ ಇನ್ನೂ ಬಗೆಹರಿದಿಲ್ಲ, ಅಲ್ಲಿ ಆ ಕಡೆಯ ಹ್ಯಾಮ್‌ಗಳೂ ಈ ಕಡೆಯ ಕೇಂದ್ರಗಳೂ ಈಗಲೂ ಮುಖಾಮುಖಿ.

ಎಲ್ಲ ಜಾಗದಲ್ಲೂ ಹಕ್ಕು ಒಂದೇ ಅಲ್ಲ. ಕೆಲವು ಕಡೆ ಹ್ಯಾಮ್‌ಗಳದ್ದು ಮೊದಲ ಹಕ್ಕು, ಕೆಲವು ಕಡೆ ಎರಡನೆಯದು. ಎರಡನೆಯ ಹಕ್ಕು ಅಂದರೆ, ಮೊದಲನೆಯವರಿಗೆ ತೊಂದರೆ ಕೊಡಕೂಡದು, ಅವರಿಂದ ತೊಂದರೆಯಾದರೆ ದೂರುವ ಹಾಗೂ ಇಲ್ಲ. ಹೊಸದಾಗಿ ಬಂದ ಸೊಸೆಯ ಪಾಡು ಅಂತಿಟ್ಟುಕೊಳ್ಳಿ. 10.100ರಿಂದ 10.150 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ಗಳ ಸ್ಥಾನ ಹೀಗೇ. 2015ರ ಸಭೆಯಲ್ಲಿ 5 ಮೆಗಾಹರ್ಟ್ಸ್ ಹತ್ತಿರ ಇನ್ನೊಂದು ಚೂರು ಜಾಗ ಕೊಟ್ಟರು, ಅಲ್ಲೂ ಎರಡನೆಯ ಹಕ್ಕೇ. ಹೊಮ್ಮುವ ಶಕ್ತಿ ಹೆಚ್ಚಿನ ಕಡೆ 15 ವ್ಯಾಟ್ ದಾಟಬಾರದು ಅಂತ ಕಟ್ಟಳೆ. ನಾವು ದೇವರ ಕೋಣೆಗೆ ಹಾಕುತ್ತಿದ್ದ ಜೀರೋ ಬಲ್ಬಿನಷ್ಟು!

ಒಳ್ಳೆಯ ಪದ್ಧತಿಯೊಂದನ್ನು ಹೇಳಬೇಕು. ಹ್ಯಾಮ್‌ಗೆ ಎಷ್ಟೇ ವರ್ಷದ ಅನುಭವವಿದ್ದರೂ "ಇದು ನನ್ನ ಜಾಗ" ಅನ್ನುವಂತಿಲ್ಲ. ಮೊದಲು ಕಿವಿಗೊಡಬೇಕು. ಯಾರೂ ಇಲ್ಲ ಅನಿಸಿದರೂ "ಇಲ್ಲಿ ಯಾರಾದರೂ ಇದ್ದೀರಾ?" ಅಂತ ಕೇಳಬೇಕು. ಉತ್ತರ ಬಾರದಿದ್ದರೆ ಮಾತ್ರ ಮುಂದಿನ ಮಾತು. ಖಾಲಿ ಬಿಂದಿಗೆ ಇಟ್ಟು ಸರದಿ ಹಿಡಿಯುವ ನಮ್ಮ ನಲ್ಲಿಕಟ್ಟೆಯ ಜಾಣತನ ಅಲ್ಲಿ ನಡೆಯುವುದಿಲ್ಲ. ಅಪಾಯದ ಕರೆ ಬಂತು ಅಂದರೆ ಉಳಿದವರೆಲ್ಲ ಬಾಯಿ ಮುಚ್ಚಿ ದಾರಿ ಬಿಡಬೇಕು.

ಈಗ ಅತ್ತೆಯವರ ಅಂಜಿಕೆಗೆ ಬರೋಣ. ಅಮ್ಮಾ, ನಿಮ್ಮ ಅಂಜಿಕೆ ತಪ್ಪಲ್ಲ. ಆದರೆ ಕೈಯಲ್ಲಿರುವ ಮೊಬೈಲಿನಲ್ಲಿ ಮೊಮ್ಮಗಳು ಯಾರ ಜೊತೆ ಏನು ಮಾತಾಡುತ್ತಾಳೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಹ್ಯಾಮ್ ರೇಡಿಯೋದಲ್ಲಿ ಗುಟ್ಟು ಅನ್ನುವುದೇ ಇಲ್ಲ, ಬಾವಿಕಟ್ಟೆಯ ಮಾತಿನ ಹಾಗೆ ಅದು ಎಲ್ಲರ ಕಿವಿಗೂ ಬೀಳುವಂಥದ್ದು. ಸಂಕೇತ ಭಾಷೆಯಲ್ಲಿ ಅರ್ಥ ಮುಚ್ಚಿಟ್ಟು ಮಾತಾಡಕೂಡದು ಅಂತ ನಿಯಮವಿದೆ. ಪ್ರತಿಯೊಬ್ಬರಿಗೂ ಸರ್ಕಾರ ಕೊಟ್ಟ ಕರೆಹೆಸರು ಇರುತ್ತದೆ, ನಮ್ಮ ದೇಶದವರದ್ದು ವಿಯು ಅಂತ ಶುರು. ಅದನ್ನು ಹೇಳದೆ ಮಾತಾಡುವ ಹಾಗಿಲ್ಲ. ಯಾವತ್ತು, ಎಷ್ಟು ಹೊತ್ತಿಗೆ, ಯಾರ ಜೊತೆ ಮಾತಾಡಿದ್ದು ಅಂತ ಪುಸ್ತಕದಲ್ಲಿ ಬರೆದಿಡಬೇಕು, ನಾವು ಹಾಲಿನ ಲೆಕ್ಕ ಬರೆದಂತೆ. ವ್ಯಾಪಾರ ಕೂಡದು. ಹಪ್ಪಳ ಸಂಡಿಗೆ ಮಾರುತ್ತೇನೆ ಅಂತ ಹೇಳಿದರೂ ತಪ್ಪೇ. ಹಾಡು ಹಾಕುವಂತಿಲ್ಲ, ರಾಜಕೀಯ ಭಾಷಣ ಇಲ್ಲ. ಆದರೂ ಒಂದು ಎಚ್ಚರ ನಾನೂ ಹೇಳುತ್ತೇನೆ. ಮನೆಯಲ್ಲಿ ಯಾರಿಲ್ಲ, ಎಷ್ಟು ಹೊತ್ತಿಗೆ ಒಬ್ಬಳೇ ಇರುತ್ತೇನೆ, ಇವೆಲ್ಲ ಅಲ್ಲಿ ಆಡುವ ಮಾತಲ್ಲ. ಮಗಳಿಗೆ ತಿಳಿಹೇಳಿ.

ಹೆಣ್ಣಿಗೆ ಇದೆಲ್ಲ ಯಾಕೆ ಅನ್ನುವವರಿಗೆ ಉಷಾ ಮೆಹ್ತಾ ಅವರ ವಿಷಯ ಹೇಳಿ. 1939ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಇಲ್ಲಿನ ಹವ್ಯಾಸಿಗಳಿಂದ ಸೆಟ್ಟುಗಳನ್ನು ವಾಪಸ್ ತೆಗೆದುಕೊಂಡಿದ್ದರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ನಡೆದಾಗ, ನ್ಯಾಯಾಧೀಶರ ಮಗಳಾದ ಈ 22ರ ಹುಡುಗಿ ಸಂಗಡಿಗರ ಜೊತೆ ಮುಂಬಯಿಯಲ್ಲಿ ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಸಿಕ್ಕಿಬೀಳಬಾರದು ಅಂತ ಮನೆಯಿಂದ ಮನೆಗೆ ಸೆಟ್ಟು ಹೊತ್ತು ತಿರುಗಿದರು. ಸುಮಾರು ಮೂರು ತಿಂಗಳು ನಡೆಯಿತು. ನವೆಂಬರಿನಲ್ಲಿ ಪೊಲೀಸರು ಹಿಡಿದರು. 1946ರವರೆಗೆ ಸೆರೆವಾಸ. 1998ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಆ ಕೇಂದ್ರ ಮಾತಾಡುತ್ತಿದ್ದುದು 42.34 ಮೀಟರಿನಲ್ಲಿ. ಮೈದುನ ಲೆಕ್ಕ ಹಾಕಿ ತೋರಿಸಿದ, ಅದು ಸುಮಾರು 7.08 ಮೆಗಾಹರ್ಟ್ಸ್. ಅಂದರೆ ಇವತ್ತು ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟ ಜಾಗದ ಒಳಗೇ! ಆಕೆ ಜೈಲಿಗೆ ಹೋದ ಜಾಗದಲ್ಲಿ ನಿಮ್ಮ ಮಗಳು ಪರೀಕ್ಷೆ ಬರೆದು, ಸರ್ಕಾರದ ಕಾಗದ ಹಿಡಿದು ಧೈರ್ಯವಾಗಿ ಮಾತಾಡಬಹುದು. ನನಗಂತೂ ಕೇಳಿ ಮೈ ಜುಂ ಎಂದಿತು.

ಇನ್ನೊಬ್ಬರು ಭಾರತಿ ಪ್ರಸಾದ್. ಇಬ್ಬರು ಮಕ್ಕಳ ತಾಯಿ, ದೆಹಲಿಯವರು. ಅಂಡಮಾನಿನಲ್ಲಿ 1987ರ ನಂತರ ಹ್ಯಾಮ್‌ಗಳಿಗೆ ಅನುಮತಿ ಸಿಕ್ಕಿರಲಿಲ್ಲ. ಲೈಸೆನ್ಸ್ ಇದ್ದರೂ ಆ ದ್ವೀಪಗಳಿಗೆ ಪ್ರತ್ಯೇಕ ಅಪ್ಪಣೆ ಬೇಕು. ಬಿಡದೆ ಕೇಳಿ ಕೇಳಿ ಅಪ್ಪಣೆ ಪಡೆದು, 2004ರ ಡಿಸೆಂಬರಿನಲ್ಲಿ ತಂಡ ಕಟ್ಟಿಕೊಂಡು ಪೋರ್ಟ್‌ಬ್ಲೇರಿಗೆ ಹೋದರು. ಅವರ ಕರೆ ಹಿಡಿಯಲು ಲೋಕದ ಹ್ಯಾಮ್‌ಗಳೆಲ್ಲ ಮುಗಿಬಿದ್ದಿದ್ದ ಹೊತ್ತು. ಡಿಸೆಂಬರ್ 26ರಂದು ಸುನಾಮಿ ಬಂತು. ಫೋನಿಲ್ಲ, ಕರೆಂಟಿಲ್ಲ. ಹವ್ಯಾಸದ ಮಾತು ಅಲ್ಲಿಗೇ ನಿಲ್ಲಿಸಿ ಅದೇ ಸೆಟ್ಟಿನಿಂದ, ಯಾರು ಬದುಕಿದ್ದಾರೆ, ಯಾರು ಎಲ್ಲಿದ್ದಾರೆ ಅಂತ ಸುದ್ದಿ ಮುಟ್ಟಿಸಲು ಕೂತರು. ಮಕ್ಕಳ ಸುದ್ದಿಗಾಗಿ ದೂರದಲ್ಲಿ ಕಾದು ಕೂತ ತಾಯಂದಿರ ಸಂಕಟ ನಮಗೆ ಬೇರೆಯವರು ಹೇಳಬೇಕೇ? ಬೇರೆಯವರ ಪರವಾಗಿ ಸಂದೇಶ ಕಳಿಸುವುದು ಬೇರೆ ದಿನಗಳಲ್ಲಿ ಹ್ಯಾಮ್‌ಗಳಿಗೆ ನಿಷಿದ್ಧ. ಇಂಥ ಆಪತ್ತಿನಲ್ಲಿ ಮಾತ್ರ ಆ ಬಾಗಿಲು ತೆರೆಯುತ್ತದೆ.

ಆದ್ದರಿಂದ ನನ್ನ ಸಲಹೆ ಕೇಳುವುದಾದರೆ, ಕಳಿಸಿ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು ಅಂತ ನಿಯಮವೇ ಇದೆ, ನಿಮ್ಮ ಮಗಳು ಅದನ್ನು ದಾಟಿ ಎಷ್ಟೋ ದಿನವಾಯಿತು. ರೇಡಿಯೋ ಹೇಗೆ ಕೆಲಸ ಮಾಡುತ್ತದೆ, ನಿಯಮಗಳೇನು, ಈ ಎರಡು ವಿಷಯ ಓದಬೇಕು. ಅರ್ಜಿ, ಶುಲ್ಕ, ದರ್ಜೆ ಇವೆಲ್ಲ ಆಗಾಗ ಬದಲಾಗುತ್ತವೆ, ಕೇಂದ್ರದ ದೂರಸಂಪರ್ಕ ಇಲಾಖೆಯಿಂದಲೇ ವಿಚಾರಿಸಿ. ಬೆಂಗಳೂರಿನಲ್ಲಿ ಹ್ಯಾಮ್ ಕ್ಲಬ್ಬುಗಳಿವೆ, ಹೊಸಬರಿಗೆ ಹೇಳಿಕೊಡುತ್ತಾರೆ. ಸಾಧ್ಯವಾದರೆ ನೀವೂ ಪಕ್ಕದಲ್ಲಿ ಕೂತು ಓದಿ, ಮಧ್ಯಾಹ್ನ ಒಂದು ಗಂಟೆ ಸಿಕ್ಕೀತು. ಲೈಸೆನ್ಸ್ ಕೈಗೆ ಬರುವ ಮೊದಲು ಸೆಟ್ಟು ಮಾತ್ರ ತರಿಸಬೇಡಿ. ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿಯಾರು. ಅಪ್ಪಣೆ ಇಲ್ಲದೆ ಮನೆಯಲ್ಲಿ ಇಟ್ಟುಕೊಂಡರೂ ಅಪರಾಧವೇ, ಆಗ ನಿಮ್ಮ ಯಜಮಾನರ ಹೆದರಿಕೆ ನಿಜವಾಗುತ್ತದೆ.

ಪತ್ರದ ಕೊನೆಗೆ ತಂತಿ ಕಟ್ಟಲು ಜಾಗವಿದೆಯೇ ಅಂತ ಕೇಳಿದ್ದೀರಿ. 40 ಮೀಟರಿನ ಏರಿಯಲ್ಲಿಗೆ ಸುಮಾರು 20 ಮೀಟರ್ ಉದ್ದದ ಸಾದಾ ತಾಮ್ರದ ತಂತಿ ಸಾಕು, ನಡುಮಧ್ಯದಿಂದ ಕೇಬಲ್ ಕೆಳಗಿಳಿಯುತ್ತದೆ. ನಿಮ್ಮ ಹಿತ್ತಲಲ್ಲಿ ತೆಂಗಿನ ಮರ ಇದೆ ಅಂದಿರಿ, ಇನ್ನೊಂದು ತುದಿ ಮಹಡಿಯ ಕಂಬಕ್ಕೆ ಬಿಗಿಯಿರಿ. ಕರೆಂಟಿನ ಲೈನಿನ ಹತ್ತಿರ ಮಾತ್ರ ಬೇಡವೇ ಬೇಡ. ಗುಡುಗು ಶುರುವಾಗುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಕಿತ್ತು ಮನೆಯಾಚೆ ಇಡಬೇಕು. ಹಾಂ, ಅದರ ಮೇಲೆ ಬಟ್ಟೆ ಒಣಹಾಕಬೇಡಿ ಅಂತ ಅತ್ತೆಯವರಿಗೂ ಹೇಳಿಬಿಡಿ.