ಹೆಸರಿರುವ ಹಾಡು ಜಾನಪದವಾಗಲಾರದೆ?

ಕರ್ತೃವಿನ ಹೆಸರು ತಿಳಿಯದಿರುವುದೇ ಜಾನಪದದ ಮುಖ್ಯ ಲಕ್ಷಣವೆಂಬ ನಂಬಿಕೆ ನಮ್ಮ ಅಧ್ಯಯನ ವಲಯದಲ್ಲಿ ಇನ್ನೂ ಪೂರ್ತಿಯಾಗಿ ಸಡಿಲಗೊಂಡಿಲ್ಲ. ಈ ಅಳತೆಗೋಲನ್ನು ಐರ್ಲೆಂಡಿನ ಗಾಯಕ ಕ್ರಿಸ್ಟಿ ಮೂರ್ ಅವರಿಗೆ ಹಿಡಿದು ನೋಡಿದರೆ ಅದರ ಕೊರತೆ ಎದ್ದು ಕಾಣುತ್ತದೆ. 1945ರಲ್ಲಿ ಕಿಲ್ಡೇರ್ ಕೌಂಟಿಯ ನ್ಯೂಬ್ರಿಜ್‌ನಲ್ಲಿ ಜನಿಸಿದ ಮೂರ್ ಮೊದಲಿಗೆ ಬ್ಯಾಂಕ್ ನೌಕರರು. 1966ರ ಬ್ಯಾಂಕ್ ಮುಷ್ಕರದ ವೇಳೆ ಇಂಗ್ಲೆಂಡಿಗೆ ಹೋದವರು ಅಲ್ಲಿನ ಜಾನಪದ ಗಾಯನದ ಕ್ಲಬ್ಬುಗಳಲ್ಲಿ ಹಾಡುತ್ತ ಗಾಯಕರಾದರು. 1972ರ ‘ಪ್ರಾಸ್ಪರಸ್’ ಧ್ವನಿಮುದ್ರಿಕೆಗೆ ಕೂಡಿದ ಕಲಾವಿದರಿಂದಲೇ ‘ಪ್ಲಾಂಕ್ಸ್‌ಟಿ’ ತಂಡ ರೂಪುಗೊಂಡಿತು.

ಈ ತಂಡ 1973ರಲ್ಲಿ ಮುದ್ರಿಸಿದ ‘ದ ವೆಲ್ ಬಿಲೋ ದ ವ್ಯಾಲಿ’ ಎಂಬ ಕಥನಗೀತೆಯ ಆಕರ ಜಾನ್ ರೈಲಿ ಎಂಬ ಅಲೆಮಾರಿ ಸಮುದಾಯದ ಹಾಡುಗಾರ. ಮೌಖಿಕ ಪರಂಪರೆಯಲ್ಲಿ ಅಳಿದೇಹೋಯಿತೆಂದು ವಿದ್ವಾಂಸರು ಭಾವಿಸಿದ್ದ ಗೀತೆಯದು. ಅದನ್ನು ಟಾಮ್ ಮನ್ನೆಲ್ಲಿ ರೈಲಿಯವರ ಬಾಯಿಂದಲೇ ದಾಖಲಿಸಿಕೊಂಡರು. ರೈಲಿ ಕಡುಬಡತನದಲ್ಲಿ 1969ರಲ್ಲಿ ತೀರಿಕೊಂಡರು. ಗೀತೆಯನ್ನು ಮೊದಲು ಕಟ್ಟಿದವರು ಅನಾಮಿಕರಿರಬಹುದು, ಅದನ್ನು ನೆನಪಿನಲ್ಲಿ ಉಳಿಸಿದವರು ಅನಾಮಿಕರಲ್ಲ. ‘ಜನ ಕಟ್ಟಿದ ಹಾಡು’ ಎಂದು ನಾವು ಗೌರವದಿಂದ ಬರೆಯುವಾಗ ಇಂತಹ ಎಷ್ಟು ಹೆಸರುಗಳನ್ನು ಅಳಿಸಿದ್ದೇವೋ!

ಮೂರ್ ಅವರು ತಾವೇ ಹಾಡು ಬರೆಯುತ್ತಾರೆ, ಧ್ವನಿಮುದ್ರಿಕೆ ಮಾರಾಟವಾಗುತ್ತದೆ, ಹಕ್ಕುಸ್ವಾಮ್ಯವೂ ಉಂಟು; ಇದು ಜಾನಪದವೆಂತು ಎಂಬ ಆಕ್ಷೇಪ ಸಹಜ. ಅದು ನಿರಾಧಾರವೂ ಅಲ್ಲ. ಆದರೆ ಅವರ ಹೆಸರಿನೊಡನೆ ಬೆಸೆದುಹೋದ ‘ರೈಡ್ ಆನ್’ ಜಿಮ್ಮಿ ಮೆಕಾರ್ಥಿಯವರ ರಚನೆ. ಪರರ ಹಾಡನ್ನೂ ತಮ್ಮದನ್ನೂ ಗಿಟಾರ್ ಅಥವಾ ಬೌರಾನ್ ಎಂಬ ಚರ್ಮವಾದ್ಯದೊಡನೆ ಒಂದೇ ವೇದಿಕೆಯಲ್ಲಿ, ಒಂದೇ ಹೊಣೆಯಿಂದ ಅವರು ಹಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಲ್ಲಿ ಪರಿಭಾವಿಸಬೇಕಾದುದು ಈ ಹೊಣೆಯನ್ನೇ. ಹಾಡು ಯಾರದೆಂಬುದು ನಂತರದ ಪ್ರಶ್ನೆ.

ಆ ಹೊಣೆಯ ಬೆಲೆ ಎಷ್ಟೆಂಬುದು 1985ರಲ್ಲಿ ತಿಳಿಯಿತು. 1981ರ ಫೆಬ್ರವರಿ 14ರ ನಸುಕಿನಲ್ಲಿ ಡಬ್ಲಿನ್ನಿನ ಆರ್ಟೇನ್ ಬಡಾವಣೆಯ ‘ಸ್ಟಾರ್‌ಡಸ್ಟ್’ ನೃತ್ಯಶಾಲೆಗೆ ಬೆಂಕಿ ಬಿದ್ದು 48 ಮಂದಿ ಸತ್ತರು. ಬಹುತೇಕರು ಎಳೆಯರು, ದುಡಿಯುವ ವರ್ಗದ ಮನೆಗಳವರು. ಬೆಂಕಿಯನ್ನು ಬಹುಶಃ ಯಾರೋ ಬೇಕೆಂದೇ ಹಚ್ಚಿರಬೇಕೆಂದು 1982ರ ವಿಚಾರಣಾ ವರದಿ ಹೇಳಿತು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ಆ ಗುಮಾನಿಯನ್ನೂ ಹೊರಬೇಕಾಯಿತು. ಮೂರ್ ಈ ದುರಂತವನ್ನು ಕುರಿತು ‘ದೇ ನೆವರ್ ಕೇಮ್ ಹೋಮ್’ ಬರೆದು ‘ಆರ್ಡಿನರಿ ಮ್ಯಾನ್’ ಧ್ವನಿಮುದ್ರಿಕೆಯಲ್ಲಿ ಸೇರಿಸಿದರು. ಹಾಡು ನ್ಯಾಯಾಲಯ ನಿಂದನೆಯೆಂದು ಹೈಕೋರ್ಟ್ ತೀರ್ಮಾನಿಸಿತು. ಧ್ವನಿಮುದ್ರಿಕೆಯನ್ನು ಹಿಂತೆಗೆದು, ಆ ಜಾಗದಲ್ಲಿ ಬೇರೊಂದು ಹಾಡನ್ನಿಟ್ಟು ಮತ್ತೆ ಹೊರತರಬೇಕಾಯಿತು. ಅನಾಮಿಕ ಲಾವಣಿಯಾಗಿದ್ದರೆ ನ್ಯಾಯಾಲಯ ಯಾರನ್ನು ಕರೆಯುತ್ತಿತ್ತು? ಹೆಸರು ಇಲ್ಲಿ ಕೀರ್ತಿಯ ಗುರುತಲ್ಲ, ಸಾಕ್ಷಿ ಹಾಕಿದ ರುಜು.

ಬೇಕೆಂದೇ ಹಚ್ಚಿದ ಬೆಂಕಿಯೆಂಬ ಮಾತನ್ನು 2009ರಲ್ಲಿ ಅಧಿಕೃತ ದಾಖಲೆಯಿಂದ ತೆಗೆಯಲಾಯಿತು. 2024ರ ಏಪ್ರಿಲ್‌ನಲ್ಲಿ ಮರಣವಿಚಾರಣೆಯ ಜೂರಿ ಆ 48 ಮಂದಿಯದೂ ಕಾನೂನುಬಾಹಿರ ಹತ್ಯೆಯೆಂದು ನಿರ್ಣಯಿಸಿತು. ಹೊರಬಾಗಿಲುಗಳಿಗೆ ಬೀಗ, ಸರಪಳಿ, ಅಡೆತಡೆಗಳಿದ್ದುದನ್ನೂ ಒಪ್ಪಿತು. ಅದೇ ತಿಂಗಳು ಪ್ರಧಾನಿ ಸೈಮನ್ ಹ್ಯಾರಿಸ್ ಸಂಸತ್ತಿನಲ್ಲಿ ಪ್ರಭುತ್ವದ ಪರವಾಗಿ ಕ್ಷಮೆ ಕೋರಿದರು. ಹಾಡನ್ನು ಹಿಂತೆಗೆಸಿ ಆಗ 39 ವರ್ಷಗಳಾಗುತ್ತ ಬಂದಿದ್ದವು.